ಕಿಟಕಿಯ ಬಿಸಿಲು, ಗಾಜಿನೊಳಗಿನ ಹವಳ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಓಡಿಹೋಗುತ್ತದೆ ಎಂಬ ಮಾತು ನಮ್ಮಲ್ಲಿದೆ. ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟುಕೊಂಡ ಬೆಂಗಳೂರಿನವರಿಗೆ ಹೊಸದೊಂದು ಪ್ರಶ್ನೆ ಎದುರಾಗುವುದು ಅದೇ ದಿನಗಳಲ್ಲಿ. ಡಿಸೆಂಬರಿನಲ್ಲಿ ಪಶ್ಚಿಮದ ಕಿಟಕಿಯಿಂದ ಓರೆಯಾಗಿ ಬಂದು ಉತ್ತರದ ಗೋಡೆಯತ್ತ ಸರಿಯುತ್ತಿದ್ದ ಸಂಜೆಯ ಬಿಸಿಲು, ಮಾರ್ಚ್ ಹೊತ್ತಿಗೆ ನೇರವಾಗಿ ಒಳನುಗ್ಗಿ ಎದುರಿನ ಗೋಡೆಗೆ ಒರಗಿಸಿಟ್ಟ ಗಾಜಿನ ಟ್ಯಾಂಕಿನ ಮೇಲೆ ಬೀಳತೊಡಗುತ್ತದೆ. ಸಮುದ್ರದಲ್ಲಿ ಹವಳ ಬೆಳೆಯುವುದು ಬಿಸಿಲಿನಲ್ಲಿಯೇ ಅಲ್ಲವೇ, ಹಾಗಿರುವಾಗ ಪರದೆ ಏಕೆ ಎಳೆಯಬೇಕು ಎಂದು ಕೆಲವರು ಕೇಳುತ್ತಾರೆ. ಬಿಸಿಲು ಬಿದ್ದರೆ ಟ್ಯಾಂಕು ಪಾಚಿಗಟ್ಟಿ ಹಾಳಾಗುತ್ತದೆ ಎಂದು ಅಂಗಡಿಯವರು ಎಚ್ಚರಿಸುತ್ತಾರೆ. ಎರಡು ಮಾತಿನಲ್ಲಿಯೂ ಅರ್ಧರ್ಧ ಸತ್ಯವಿದೆ. ಬೆಳಕಿನ ಮಟ್ಟಿಗೆ ನೋಡಿದರೆ ಬಿಸಿಲು ಹವಳದ ಶತ್ರುವಲ್ಲ. ತೊಡಕಿರುವುದು ಅದು ಜೊತೆಗೆ ಹೊತ್ತು ತರುವ ಶಾಖದಲ್ಲಿ ಮತ್ತು ವರ್ಷವಿಡೀ ಜಾಗ ಬದಲಿಸುತ್ತಲೇ ಇರುವ ಅದರ ನಡೆಯಲ್ಲಿ.

ಹವಳವೆಂಬ ವಠಾರ

ರೀಫ್ ಟ್ಯಾಂಕ್ ಎಂದು ಕರೆಯಲಾಗುವ ಈ ಅಕ್ವೇರಿಯಂನಲ್ಲಿ ಉಪ್ಪುನೀರು ತುಂಬಿ, ಕಲ್ಲುಗಳ ಮೇಲೆ ಜೀವಂತ ಹವಳಗಳನ್ನು ಕೂರಿಸಿ ಬೆಳೆಸುತ್ತಾರೆ. ಮೀನುಗಳೂ ಇರಬಹುದು, ಆದರೆ ಮನೆಯ ಯಜಮಾನಿಕೆ ಹವಳದ್ದೇ. ನೀರಿನ ಉಪ್ಪಿನಂಶ ಸಮುದ್ರದಲ್ಲಿರುವಂತೆ ಕಿಲೋಗೆ ಸುಮಾರು 35 ಗ್ರಾಂ ಇರಬೇಕು. ಉಷ್ಣಾಂಶವನ್ನು 24ರಿಂದ 27 ಡಿಗ್ರಿ ಸೆಲ್ಸಿಯಸ್‌ನ ಒಳಗೆ ಉಳಿಸಿಕೊಳ್ಳುವುದು ರೂಢಿ.

ಹವಳವು ಗಿಡದಂತೆ ಕಂಡರೂ ಅಂಬಲಿ ಮೀನಿನ ಬಳಗಕ್ಕೆ ಸೇರಿದ ಪ್ರಾಣಿ. ಪುಟ್ಟ ಚೀಲದಂತಹ ದೇಹ, ಅದರ ಬಾಯಿಯ ಸುತ್ತ ಬೆರಳಿನಂತಹ ಎಳೆಗಳು — ಇಂತಹ ಒಂದು ಘಟಕಕ್ಕೆ ಪಾಲಿಪ್ ಎಂದು ಹೆಸರು. ಗಟ್ಟಿ ಹವಳಗಳಲ್ಲಿ ನೂರಾರು ಪಾಲಿಪ್‌ಗಳು ಸೇರಿ ತಮ್ಮ ಕೆಳಗೆ ಸುಣ್ಣದ ಅಸ್ಥಿಪಂಜರವನ್ನು ಕಟ್ಟುತ್ತ ಹೋಗುತ್ತವೆ. ಈ ಪಾಲಿಪ್‌ಗಳ ಮೈಯೊಳಗೆ ಜೂಕ್ಸಾಂಥೆಲ್ಲೆ ಎಂಬ ಏಕಕೋಶದ ಪಾಚಿಗಳು ವಾಸಿಸುತ್ತವೆ. ಬೆಂಗಳೂರಿನ ಹಳೆಯ ವಠಾರವನ್ನು ನೆನೆಸಿಕೊಂಡರೆ ಈ ಸಂಬಂಧ ಸುಲಭವಾಗಿ ಹಿಡಿತಕ್ಕೆ ಬರುತ್ತದೆ. ಹವಳ ವಠಾರದ ಒಡೆಯ, ಪಾಚಿಗಳು ಬಾಡಿಗೆದಾರರು. ಒಡೆಯ ಇರಲು ಜಾಗವನ್ನೂ ತನ್ನ ಮೈಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕದ ತ್ಯಾಜ್ಯವನ್ನೂ ಕೊಡುತ್ತಾನೆ. ಬಾಡಿಗೆದಾರರು ಬೆಳಕಿನ ಬಲದಿಂದ ಅವುಗಳನ್ನೇ ಸಕ್ಕರೆ ಮುಂತಾದ ಆಹಾರವಾಗಿ ಬೇಯಿಸಿ ಬಾಡಿಗೆಯ ರೂಪದಲ್ಲಿ ಒಡೆಯನಿಗೆ ಹಿಂತಿರುಗಿಸುತ್ತಾರೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡ 90ರವರೆಗೂ ಈ ಬಾಡಿಗೆಯಿಂದಲೇ ಬರಬಹುದು. ಸುಣ್ಣ ಕಟ್ಟುವ ಕೆಲಸವೂ ಬೆಳಕಿಗೆ ಅಂಟಿಕೊಂಡಿದೆ: ಗಟ್ಟಿ ಹವಳಗಳು ಕತ್ತಲಿಗಿಂತ ಬೆಳಕಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟು ವೇಗವಾಗಿ ಅಸ್ಥಿಪಂಜರ ಕಟ್ಟುತ್ತವೆ.

ಬೆಳಕು ಅತಿಯಾದರೆ ಬಾಡಿಗೆದಾರರೇ ಉಪದ್ರವವಾಗುತ್ತಾರೆ. ಹಿಟ್ಟಿನ ಗಿರಣಿಯ ಬಾಯಿಗೆ ಕಲ್ಲು ಬೀಸಬಲ್ಲದ್ದಕ್ಕಿಂತ ಹೆಚ್ಚು ಕಾಳು ಸುರಿದರೆ ಗಿರಣಿ ಕಟ್ಟಿಕೊಳ್ಳುವಂತೆ, ಪಾಚಿಯು ಬಳಸಲಾರದಷ್ಟು ಬೆಳಕು ಬಿದ್ದಾಗ ಉಳಿದ ಶಕ್ತಿಯು ಜೀವಕೋಶವನ್ನು ಸುಡುವ ಆಮ್ಲಜನಕದ ರೂಪಗಳಾಗಿ ಸೋರುತ್ತದೆ. ನೀರು ಬಿಸಿಯಾಗಿದ್ದರೆ ಈ ಸೋರಿಕೆ ಇನ್ನೂ ಕಡಿಮೆ ಬೆಳಕಿನಲ್ಲಿಯೇ ಆರಂಭವಾಗುತ್ತದೆ. ಆಗ ಹವಳ ಬಾಡಿಗೆದಾರರನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಪಾರದರ್ಶಕ ಮೈಯ ಮೂಲಕ ಬಿಳಿ ಸುಣ್ಣ ಕಾಣುತ್ತದೆ. ಇದಕ್ಕೆ ಬ್ಲೀಚಿಂಗ್ ಎಂದು ಹೆಸರು. ಬ್ಲೀಚ್ ಆದ ಹವಳ ಕೂಡಲೇ ಸತ್ತಿರುವುದಿಲ್ಲ, ಹಸಿದಿರುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳ ದಿಬ್ಬಗಳಲ್ಲಿ ನಡೆದದ್ದು ಇದೇ. ಬೇಸಿಗೆಯ ಅತಿ ಬಿಸಿ ತಿಂಗಳ ಸರಾಸರಿಗಿಂತ ಒಂದೇ ಡಿಗ್ರಿ ಹೆಚ್ಚಿನ ಶಾಖ ಕೆಲವು ವಾರ ನಿಂತರೂ ಸಮುದ್ರದಲ್ಲಿ ಅಪಾಯದ ಗೆರೆ ದಾಟಿದಂತೆ.

ಇಲ್ಲಿಯೇ ಹೇಳಿಬಿಡಬೇಕಾದ ಮಾತೊಂದಿದೆ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಲಕ್ಷದ್ವೀಪದಿಂದಾಗಲಿ, ಅಂಡಮಾನಿನಿಂದಾಗಲಿ, ನಮ್ಮದೇ ನೇತ್ರಾಣಿಯಿಂದಾಗಲಿ ಒಂದು ತುಂಡನ್ನು ಕಿತ್ತು ತರುವುದೂ ಅಪರಾಧ. ವಿದೇಶದಿಂದ ಬಂದ ಹವಳಗಳಿಗೂ ಆಮದಿನ ದಾಖಲೆ ಮತ್ತು ನೋಂದಣಿಯ ನಿಯಮಗಳಿವೆ, ಕೊಳ್ಳುವ ಮೊದಲು ಅವನ್ನು ಕೇಳಿ ನೋಡಬೇಕು.

ಕಣ್ಣಿಗೆ ಕಾಣುವ ಬೆಳಕು, ಹವಳಕ್ಕೆ ಸಿಗುವ ಬೆಳಕು

ನಡುಹಗಲಿನ ತೆರೆದ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು ಒಂದು ಲಕ್ಷ ಲಕ್ಸ್ ಇದ್ದರೆ, ಚೆನ್ನಾಗಿ ಬೆಳಕಿದೆ ಎಂದು ನಾವು ಹೇಳುವ ಕೋಣೆಯೊಳಗೆ ಅದು ಕೆಲವು ನೂರು ಲಕ್ಸ್ ಮಾತ್ರ. ಕಣ್ಣು ಬೇಗನೆ ಹೊಂದಿಕೊಳ್ಳುವುದರಿಂದ ಈ ನೂರಾರು ಪಟ್ಟು ವ್ಯತ್ಯಾಸ ನಮ್ಮ ಅರಿವಿಗೆ ಬರುವುದಿಲ್ಲ. ಆದ್ದರಿಂದ ಹವಳ ಸಾಕುವವರು ಪಾರ್ ಎಂಬ ಬೇರೆ ಅಳತೆಯನ್ನು ಬಳಸುತ್ತಾರೆ. ದ್ಯುತಿಸಂಶ್ಲೇಷಣೆಗೆ ಒದಗಬಲ್ಲ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಪ್ರತಿ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದನ್ನು ಅದು ಹೇಳುತ್ತದೆ. ಮೈಕ್ರೊಮೋಲ್ ಎಂಬ ಮಾನದಲ್ಲಿ ಎಣಿಸುವ ಈ ಅಂಕಿ ತೆರೆದ ನಡುಹಗಲಿನಲ್ಲಿ 2000ದ ಆಸುಪಾಸಿನಲ್ಲಿರುತ್ತದೆ. ಮನೆಯ ಟ್ಯಾಂಕುಗಳಲ್ಲಿ ಅಣಬೆ ಹವಳ, ಚರ್ಮ ಹವಳಗಳಂತಹ ಮೆದು ಜಾತಿಗಳಿಗೆ 50ರಿಂದ 150ರಷ್ಟು, ಕವಲೊಡೆಯುವ ಗಟ್ಟಿ ಹವಳಗಳಿಗೆ 200ರಿಂದ 350ರಷ್ಟು ಪಾರ್ ಸಾಮಾನ್ಯವಾಗಿ ಸಾಕಾಗುತ್ತದೆ. ಎಂದರೆ ಕಿಟಕಿಯ ಗಾಜನ್ನು ದಾಟಿ, ಸಂಜೆಯ ಓರೆಯಲ್ಲಿ ಅರ್ಧಕ್ಕಿಳಿದ ಬಿಸಿಲು ಕೂಡ ನೇರವಾಗಿ ಬಿದ್ದರೆ ಅಣಬೆ ಹವಳಕ್ಕೆ ಬೇಕಾದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಅದೇ ಬಿಸಿಲ ತುಂಡಿನಿಂದ ಎರಡು ಅಡಿ ಪಕ್ಕಕ್ಕೆ ಸರಿದ ಜಾಗದಲ್ಲಿ ಯಾವ ಹವಳಕ್ಕೂ ಸಾಲದಷ್ಟು ಕಡಿಮೆ. ಕಿಟಕಿ ಇದೆಯಲ್ಲ, ಲೈಟ್ ಬೇಡ ಎಂಬ ಯೋಚನೆ ಹೆಚ್ಚಿನ ಮನೆಗಳಲ್ಲಿ ನಡೆಯದಿರುವುದು ಇದೇ ಕಾರಣಕ್ಕೆ.

ಬಣ್ಣದ ವಿಷಯ ಬೇರೆ. ನೀರು ಬಿಸಿಲಿನ ಕೆಂಪನ್ನು ಮೊದಲ ಕೆಲವು ಮೀಟರುಗಳಲ್ಲಿಯೇ ನುಂಗಿಬಿಡುತ್ತದೆ, ನೀಲಿಯನ್ನು ಆಳಕ್ಕೆ ಬಿಡುತ್ತದೆ. ಹತ್ತು ಮೀಟರ್ ಆಳದ ಹವಳ ನೋಡುವುದು ನೀಲಿಯ ಲೋಕವನ್ನು. ಎರಡು ಅಡಿ ಆಳವೂ ಇಲ್ಲದ ಟ್ಯಾಂಕಿನಲ್ಲಿ ಆ ಸೋಸುವಿಕೆ ನಡೆಯುವುದಿಲ್ಲ. ಅಂಗಡಿಯ ನೀಲಿ ಎಲ್‌ಇಡಿ ಕೆಳಗೆ ಹಸಿರು, ಕಿತ್ತಳೆಯಾಗಿ ಹೊಳೆಯುತ್ತಿದ್ದ ಹವಳ ಮನೆಯ ಬಿಸಿಲಿನಲ್ಲಿ ಮಂಕಾದ ಕಂದು ಬಣ್ಣಕ್ಕೆ ಇಳಿದಂತೆ ಕಾಣುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಹವಳದ ಮೈಯಲ್ಲಿರುವ ಕೆಲವು ಪ್ರೋಟೀನುಗಳು ನೀಲಿ ಬೆಳಕನ್ನು ಹೀರಿ ಹಸಿರನ್ನೋ ಕೆಂಪನ್ನೋ ಹೊರಸೂಸುತ್ತವೆ. 2008ರ ರಸಾಯನಶಾಸ್ತ್ರದ ನೊಬೆಲ್ ಪಡೆದದ್ದು ಅಂಬಲಿ ಮೀನಿನಲ್ಲಿ ಸಿಕ್ಕ ಇಂತಹದೇ ಹಸಿರು ಪ್ರೋಟೀನಿನ ಮೇಲಿನ ಕೆಲಸ. ಬಿಸಿಲಿನ ಬಿಳಿಯಲ್ಲಿ ಆ ಹೊಳಪು ಇದ್ದರೂ, ಹಗಲಿನಲ್ಲಿ ಹಚ್ಚಿದ ಹಣತೆಯಂತೆ, ಎದ್ದು ಕಾಣುವುದಿಲ್ಲ. ಹವಳ ಕಾಯಿಲೆ ಬಿದ್ದಿಲ್ಲ, ನೋಡುವ ಬೆಳಕು ಬದಲಾಗಿದೆ ಅಷ್ಟೆ. ನೇರಳಾತೀತ ಕಿರಣಗಳ ಬಗ್ಗೆಯೂ ಹೆಚ್ಚು ಚಿಂತೆ ಬೇಡ: ಅವುಗಳ ಪೈಕಿ ಹೆಚ್ಚು ಹಾನಿ ಮಾಡುವ ಭಾಗವನ್ನು ಕಿಟಕಿಯ ಸಾಧಾರಣ ಗಾಜೇ ಬಹುಮಟ್ಟಿಗೆ ತಡೆಯುತ್ತದೆ. ಟೆರೇಸಿನ ಮೇಲೆ ತೆರೆದ ಟ್ಯಾಂಕು ಇಟ್ಟವರ ಮಾತು ಬೇರೆ.

ಶಾಖದ ಲೆಕ್ಕ

ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಕಂಡ ಬೆಳಕೂ ಕೊನೆಗೆ ಕಲ್ಲು, ಮರಳು, ನೀರುಗಳಲ್ಲಿ ಹೀರಿಹೋಗಿ ಶಾಖವೇ ಆಗುತ್ತದೆ. ಇದನ್ನು ಅಂಕಿಯಲ್ಲಿ ಹಿಡಿಯಬಹುದು. ಮೂರು ಅಡಿ ಉದ್ದದ, 200 ಲೀಟರಿನ ಒಂದು ಟ್ಯಾಂಕಿನ ಮುಂದಿನ ಗಾಜಿನ ವಿಸ್ತಾರ ಸುಮಾರು 0.45 ಚದರ ಮೀಟರ್. ಮಾರ್ಚ್ ಸಂಜೆಯ ಶುಭ್ರ ಬಿಸಿಲು ಕಿಟಕಿ ಮತ್ತು ಟ್ಯಾಂಕಿನ ಗಾಜುಗಳನ್ನು ದಾಟಿ ಒಳಗೆ ತಲುಪುವಾಗ ಚದರ ಮೀಟರಿಗೆ 400 ವ್ಯಾಟ್ ಉಳಿದಿದೆ ಎಂದುಕೊಂಡರೆ, ನೀರಿಗೆ ಇಳಿಯುವ ಶಕ್ತಿ ಸುಮಾರು 180 ವ್ಯಾಟ್. ಚಳಿಗಾಲಕ್ಕೆಂದು ಇದೇ ಗಾತ್ರದ ಟ್ಯಾಂಕಿಗೆ ಹಾಕುವ ಹೀಟರ್ 200 ವ್ಯಾಟಿನದು! ನಾವು ಗುಂಡಿ ಒತ್ತದೆಯೇ ಒಂದು ಹೀಟರ್ ಎರಡು ಗಂಟೆ ಉರಿದಂತಾಯಿತು. ನೀರಿನ ಉಷ್ಣಾಂಶ ಒಂದೂವರೆ ಡಿಗ್ರಿ ಏರುತ್ತದೆ. ಅದೇ ಬಿಸಿಲು 40 ಲೀಟರಿನ ಪುಟ್ಟ ಟ್ಯಾಂಕಿನ ಮೇಲೆ ಬಿದ್ದರೆ ಏರಿಕೆ ಎರಡೂವರೆ ಡಿಗ್ರಿಯ ಹತ್ತಿರ, ಏಕೆಂದರೆ ಹಂಡೆಯ ನೀರಿಗಿಂತ ತಂಬಿಗೆಯ ನೀರು ಬೇಗ ಕಾಯುತ್ತದೆ.

ನನ್ನ ಮನೆಯ ಟ್ಯಾಂಕಿನಲ್ಲಿ ಕಳೆದ ಬೇಸಿಗೆಯ ಒಂದು ಸಂಜೆ ಮೂರೂವರೆಗೆ 26.2 ಡಿಗ್ರಿ ಇದ್ದ ನೀರು ಐದೂವರೆಗೆ 27.9 ತೋರಿಸಿತು. ಬಿಸಿಲ ಪಟ್ಟಿ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯುತ್ತಿದ್ದಂತೆ, ಅದರ ದಾರಿಯಲ್ಲಿದ್ದ ಟಾರ್ಚ್ ಹವಳ ತನ್ನ ಉದ್ದನೆಯ ಎಳೆಗಳನ್ನು ಒಂದೊಂದಾಗಿ ಒಳಗೆಳೆದುಕೊಂಡು, ಪಟ್ಟಿ ದಾಟಿಹೋದ ಅರ್ಧ ಗಂಟೆಯ ಮೇಲೆ ಮತ್ತೆ ಹೊರಚಾಚಿತು. ನೆರಳಿನ ಮೂಲೆಯಲ್ಲಿದ್ದ ಅದರದೇ ಇನ್ನೊಂದು ತುಂಡು ಅಷ್ಟು ಹೊತ್ತೂ ಅಲುಗಾಡುತ್ತಲೇ ಇತ್ತು. ನೀರು ಎರಡಕ್ಕೂ ಒಂದೇ, ಶಾಖವೂ ಒಂದೇ. ಆ ಹೊತ್ತಿನ ಮುದುಡುವಿಕೆಗೆ ಬೆಳಕಿನ ಹಠಾತ್ ಏರಿಕೆಯೇ ಕಾರಣವೆಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಹೋಲಿಕೆ ಬೇಕಿರಲಿಲ್ಲ.

ಒಂದೂವರೆ ಡಿಗ್ರಿ ದೊಡ್ಡದೇ ಎಂದರೆ, ಅದು ಎಲ್ಲಿಂದ ಏರುತ್ತದೆ ಎಂಬುದನ್ನು ನೋಡಬೇಕು. ಜನವರಿಯಲ್ಲಿ 24ರಿಂದ 25.5ಕ್ಕೆ ಏರಿದರೆ ಏನೂ ಆಗುವುದಿಲ್ಲ. ಏಪ್ರಿಲಿನಲ್ಲಿ ನಗರದ ಗರಿಷ್ಠ ಉಷ್ಣಾಂಶದ ಸರಾಸರಿಯೇ 34 ಡಿಗ್ರಿಯ ಸುಮಾರಿಗೆ ಇರುತ್ತದೆ. 2016ರ ಏಪ್ರಿಲಿನಲ್ಲಿ ಅದು 39.2ಕ್ಕೆ ಏರಿತ್ತು. ಪಂಪು, ಲೈಟುಗಳ ಶಾಖದೊಂದಿಗೆ ಮೊದಲೇ 28ರಲ್ಲಿರುವ ನೀರಿಗೆ ಇನ್ನೂ ಒಂದೂವರೆ ಡಿಗ್ರಿ ಸೇರಿದರೆ ಹವಳ ಬ್ಲೀಚಿಂಗ್‌ನ ಅಂಚಿಗೆ ಬಂದು ನಿಲ್ಲುತ್ತದೆ. ಬಿಸಿಯಾದ ನೀರು ಆಮ್ಲಜನಕವನ್ನೂ ಕಡಿಮೆ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಅಂತಹ ದಿನದ ರಾತ್ರಿ ಕರೆಂಟು ಹೋಗಿ ಪಂಪು ನಿಂತರೆ ಮೊದಲು ಏದುಸಿರು ಬಿಡುವುದು ಮೀನುಗಳು.

ಪರಿಹಾರ ನಮ್ಮ ಮಣ್ಣಿನ ಹೂಜಿಯಲ್ಲಿದೆ. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುವಂತೆ, ಟ್ಯಾಂಕಿನ ಮೇಲ್ಮೈಗೆ ಗಾಳಿ ಬೀಸುವ ಒಂದು ಸಣ್ಣ ಫ್ಯಾನು ಅದೇ ಕೆಲಸವನ್ನು ಮಾಡುತ್ತದೆ. 200 ಲೀಟರಿನ ಟ್ಯಾಂಕಿನಿಂದ ಅರ್ಧ ಲೀಟರ್ ಆವಿಯಾಗಿ ಹೋದರೆ ಸುಮಾರು ಒಂದೂವರೆ ಡಿಗ್ರಿ ಇಳಿಯುತ್ತದೆ, ಎಂದರೆ ಸಂಜೆಯ ಬಿಸಿಲು ತಂದದ್ದೆಲ್ಲ ಹೋದಂತೆ. ಬೆಂಗಳೂರಿನ ಬೇಸಿಗೆಯ ಮಧ್ಯಾಹ್ನ ಗಾಳಿ ಒಣಗಿರುವುದರಿಂದ ಈ ಉಪಾಯ ಕಡಲತೀರದ ಊರುಗಳಿಗಿಂತ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಮಂಗಳೂರಿನಲ್ಲಿ ನೀರು ತಣಿಸುವ ಯಂತ್ರವಾದ ಚಿಲ್ಲರ್‌ಗೆ ಖರ್ಚು ಮಾಡಬೇಕಾದವರು ಇಲ್ಲಿ ಫ್ಯಾನಿನಲ್ಲಿ ಮುಗಿಸಿಕೊಳ್ಳಬಹುದು. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲಿಯೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟನ್ನು ಪ್ರತಿದಿನ ಉಪ್ಪು ಬೆರೆಸದ ಆರ್‌ಒ ನೀರಿನಿಂದಲೇ ತುಂಬಬೇಕು. ಬೋರ್‌ವೆಲ್ ನೀರನ್ನು ಸುರಿದರೆ ಅದರ ಗಡಸುತನ ಮತ್ತು ನೈಟ್ರೇಟ್ ಟ್ಯಾಂಕಿನಲ್ಲಿ ಸಂಗ್ರಹವಾಗುತ್ತ ಹೋಗುತ್ತವೆ.

ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ?

ಮಕರ ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಸೇರುತ್ತಾರೆ. ಮುಳುಗುವ ಸೂರ್ಯ ನೈಋತ್ಯಕ್ಕೆ ಸರಿದಿರುವ ದಿನಗಳಲ್ಲಿ ಮಾತ್ರ ಆ ಕಿಂಡಿಗೆ ಬಿಸಿಲು ಸಿಗುತ್ತದೆ, ಉಳಿದ ದಿನ ಇಲ್ಲ. ಪ್ರತಿ ಮನೆಯ ಪ್ರತಿ ಕಿಟಕಿಗೂ ಇಂತಹದೇ ಒಂದು ಪಂಚಾಂಗವಿದೆ, ನಾವು ಗಮನಿಸುವುದಿಲ್ಲ ಅಷ್ಟೆ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ವರ್ಷಕ್ಕೆರಡು ಬಾರಿ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಆಚರಿಸುವುದು ಇದನ್ನೇ. ಈ ಎರಡು ದಿನಗಳ ನಡುವೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಆದ್ದರಿಂದ ದಕ್ಷಿಣದ ಕಿಟಕಿಗೆ ಆಗ ಮಧ್ಯಾಹ್ನದ ನೇರ ಬಿಸಿಲೇ ಇಲ್ಲ. ಡಿಸೆಂಬರ್ 21ರ ಸುಮಾರಿಗೆ ಅವನು ದಕ್ಷಿಣಕ್ಕೆ ಬಾಗಿ, ನೆಲದಿಂದ 54 ಡಿಗ್ರಿಯಷ್ಟು ಎತ್ತರದಲ್ಲಿ ನಿಲ್ಲುತ್ತಾನೆ. ಮೇಲಂಚು ಏಳು ಅಡಿ ಎತ್ತರದಲ್ಲಿರುವ ದಕ್ಷಿಣದ ಕಿಟಕಿಯಿಂದ ಆ ಮಧ್ಯಾಹ್ನ ಬಿಸಿಲು ಐದು ಅಡಿ ಒಳಗೆ ಬರುತ್ತದೆ, ಮೇಲೆ ಎರಡಡಿಯ ಸಜ್ಜಾ ಇದ್ದರೆ ಮೂರು ಅಡಿಗೆ ನಿಲ್ಲುತ್ತದೆ. ಚಳಿಗಾಲದಲ್ಲಿ ಬಂದು ಬೇಸಿಗೆಯಲ್ಲಿ ತಾನಾಗಿಯೇ ಹಿಂದೆ ಸರಿಯುವ ಈ ಬಿಸಿಲು ಹವಳಕ್ಕೆ ಅತಿ ಕಡಿಮೆ ತೊಂದರೆ ಕೊಡುವಂಥದ್ದು.

ಪಶ್ಚಿಮದ ಕಿಟಕಿಯ ಕಥೆ ಇದಕ್ಕೆ ತದ್ವಿರುದ್ಧ. ಮಾರ್ಚ್ 21ರ ಸುಮಾರಿಗೆ ಸಂಜೆ ನಾಲ್ಕಕ್ಕೆ ಅದೇ ಏಳಡಿಯ ಕಿಟಕಿಯಿಂದ ಬಿಸಿಲು ಹತ್ತು ಅಡಿ ಒಳಗೆ ತಲುಪಿದರೆ, ಐದಕ್ಕೆ ಹದಿನೆಂಟು ಅಡಿ ತಲುಪುತ್ತದೆ. ಹಾಲ್‌ನ ಆ ತುದಿಯಲ್ಲಿಟ್ಟ ಟ್ಯಾಂಕೂ ಸುರಕ್ಷಿತವಲ್ಲ. ಅದಕ್ಕಿಂತ ಹೆಚ್ಚಾಗಿ, ಕೋಣೆ ದಿನವಿಡೀ ಕಾದು ನೀರು ದಿನದ ಗರಿಷ್ಠ ಶಾಖದಲ್ಲಿರುವ ಹೊತ್ತಿಗೇ ಈ ಬಿಸಿಲು ಬರುತ್ತದೆ. ಪೂರ್ವದ ಕಿಟಕಿಯಲ್ಲಿಯೂ ಬಿಸಿಲು ಅಷ್ಟೇ ಆಳಕ್ಕೆ ಬರುತ್ತದೆಯಾದರೂ, ರಾತ್ರಿಯೆಲ್ಲ ತಣಿದ ನೀರಿನ ಮೇಲೆ ಅದು ಬೀಳುವುದರಿಂದ ಅದೇ ಒಂದೂವರೆ ಡಿಗ್ರಿಯನ್ನು ಟ್ಯಾಂಕು ತಾಳಿಕೊಳ್ಳುತ್ತದೆ. ಜಾಗ ಆರಿಸುವ ಅವಕಾಶವಿದ್ದರೆ ನನ್ನ ಮತ ಪೂರ್ವಕ್ಕೆ. ಉತ್ತರದ ಕಿಟಕಿಯಲ್ಲಿ ಬೇಸಿಗೆಯ ಬೆಳಗು ಸಂಜೆಗಳಲ್ಲಿ ಓರೆ ಬಿಸಿಲು ಒಂದಿಷ್ಟು ಇಣುಕುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಪಾಚಿಯ ಮೇಲಿನ ದೂರು

ಬಿಸಿಲು ಪಾಚಿಯನ್ನು ಹುಟ್ಟಿಸುತ್ತದೆ ಎಂಬುದು ಅಂಗಡಿಗಳಲ್ಲಿ ಹೆಚ್ಚು ಕೇಳಿಬರುವ ಮಾತು. ಕಿಟಕಿಗೆ ಎದುರಾದ ಗಾಜು ಉಳಿದ ಮೂರು ಗಾಜುಗಳಿಗಿಂತ ಬೇಗ ಹಸಿರಾಗುವುದು ನಿಜ. ಆದರೆ ಪಾಚಿ ಬೆಳೆಯಲು ಬೆಳಕಿನ ಜೊತೆಗೆ ಗೊಬ್ಬರವೂ ಬೇಕು; ಟ್ಯಾಂಕಿನ ಗೊಬ್ಬರವೆಂದರೆ ಮೀನಿನ ಮಲ ಮತ್ತು ತಿನ್ನದೆ ಉಳಿದ ಆಹಾರದಿಂದ ಬರುವ ನೈಟ್ರೇಟ್, ಫಾಸ್ಫೇಟ್‌ಗಳು. ಫಾಸ್ಫೇಟ್ ದಶಲಕ್ಷಕ್ಕೆ 0.1 ಭಾಗದ ಒಳಗಿರುವ, ಪಾಚಿ ಮೇಯುವ ಬಸವನಹುಳುಗಳಿರುವ ಟ್ಯಾಂಕಿನಲ್ಲಿ ಬಿಸಿಲು ಬಿದ್ದರೂ ವಾರಕ್ಕೊಮ್ಮೆ ಗಾಜು ಒರೆಸುವ ಕೆಲಸ ಎರಡು ಬಾರಿಗೆ ಏರೀತೇ ಹೊರತು ಟ್ಯಾಂಕು ಮುಳುಗಿಹೋಗುವುದಿಲ್ಲ. ಗೊಬ್ಬರ ಮೊದಲೇ ತುಂಬಿದ್ದರೆ ಬಿಸಿಲು ಅದನ್ನು ಬಯಲಿಗೆಳೆಯುತ್ತದೆ. ನೀರನ್ನು ಪರೀಕ್ಷಿಸದೆ ಪರದೆಯನ್ನು ಮಾತ್ರ ಎಳೆದವರಿಗೆ ಪಾಚಿ ಎಲ್‌ಇಡಿ ಕೆಳಗೂ ಕಾಣಿಸಿಕೊಳ್ಳುತ್ತದೆ.

ಬಿಸಿಲನ್ನೇ ನೆಚ್ಚಿದವರು

ಬಿಸಿಲಿನಿಂದ ಹವಳ ಸಾಕುವುದು ಹೊಸ ಸಾಹಸವೇನಲ್ಲ. ಇಂಡೊನೇಷ್ಯಾದ ಜಕಾರ್ತದಲ್ಲಿ ಲೀ ಚಿನ್ ಎಂಗ್ ಎಂಬುವರು 1960ರ ದಶಕದ ಆರಂಭದಲ್ಲಿಯೇ ಸಮುದ್ರದ ಕಲ್ಲು, ಗಾಳಿಯ ಗುಳ್ಳೆ ಮತ್ತು ಹಗಲಿನ ಬೆಳಕುಗಳಿಂದಲೇ ಹವಳಗಳನ್ನು ಉಳಿಸಿಕೊಂಡಿದ್ದರು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ಅಕ್ವೇರಿಯಂನ ಹವಳದ ಕೊಳಕ್ಕೆ ಚಾವಣಿಯೇ ಇಲ್ಲದಂತೆ ಆಕಾಶಕ್ಕೆ ತೆರೆದಿಟ್ಟು ಕಟ್ಟಲಾಯಿತು. ಆ ಕೊಳದಲ್ಲಿ ಹಿಡಿದ ನೀರು ಸುಮಾರು 25 ಲಕ್ಷ ಲೀಟರ್; ಅಷ್ಟು ನೀರು ಒಂದು ಸಂಜೆಯಲ್ಲಿ ಒಂದೂವರೆ ಡಿಗ್ರಿ ಏರುವ ಮಾತೇ ಇಲ್ಲ. ನಮ್ಮ ಮನೆಯ 200 ಲೀಟರಿನ ಟ್ಯಾಂಕಿಗೂ ಅದಕ್ಕೂ ಇರುವ ನಿಜವಾದ ಅಂತರ ಇದೇ.

ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುವ ಬಗೆ

ಬೆಳಕಿಗೆ ತಕ್ಕಂತೆ ತನ್ನ ಪಾಚಿಗಳ ಸಂಖ್ಯೆಯನ್ನೂ ವರ್ಣದ್ರವ್ಯವನ್ನೂ ಹೊಂದಿಸಿಕೊಳ್ಳಲು ಹವಳಕ್ಕೆ ಕೆಲವು ವಾರಗಳು ಬೇಕು. ಆದ್ದರಿಂದ ಮೊದಲ ದಿನ ಹತ್ತು ನಿಮಿಷ ಪರದೆ ತೆರೆದು, ವಾರಕ್ಕೆ ಹತ್ತೇ ನಿಮಿಷದಂತೆ ಹೆಚ್ಚಿಸುತ್ತ ಹೋಗುವುದು ಕ್ಷೇಮ. ತೆಳುವಾದ ಬಿಳಿ ಪರದೆ ಬಿಸಿಲನ್ನು ಪೂರ್ತಿ ತಡೆಯದೆ ಎಲ್ಲ ಕಡೆಗೂ ಚದುರಿಸುತ್ತದೆ, ಹಾಗಾಗಿ ಒಂದೇ ಹವಳದ ಮೇಲೆ ಬೀಳುವ ಪೆಟ್ಟು ತಪ್ಪುತ್ತದೆ. ಬಿಸಿಲು ಬೀಳುವಷ್ಟು ಹೊತ್ತು ಎಲ್‌ಇಡಿಯನ್ನು ತಗ್ಗಿಸಿಟ್ಟರೆ ಹವಳಕ್ಕೂ ಒಳ್ಳೆಯದು, ಬಿಲ್ಲಿಗೂ. 150 ವ್ಯಾಟಿನ ಲೈಟು ದಿನಕ್ಕೆ ಎಂಟು ಗಂಟೆ ಉರಿದರೆ ತಿಂಗಳಿಗೆ 36 ಯೂನಿಟ್ ಆಗುತ್ತದೆ. ಆದರೆ ಬಿಸಿಲಿನಿಂದ ಉಳಿಸಿದ ಯೂನಿಟ್ಟುಗಳನ್ನು ಚಿಲ್ಲರ್ ತಿಂದುಹಾಕುವಂತಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ.

ಬೆಳಕು ಹೆಚ್ಚಿ ಹವಳ ವೇಗವಾಗಿ ಬೆಳೆಯತೊಡಗಿದಾಗ ನೀರಿನಲ್ಲಿರುವ ಸುಣ್ಣದ ಸಾಮಗ್ರಿಯೂ ವೇಗವಾಗಿ ಖಾಲಿಯಾಗುತ್ತದೆ. ಕ್ಯಾಲ್ಸಿಯಂ ಅನ್ನು ದಶಲಕ್ಷಕ್ಕೆ 400ರಿಂದ 450 ಭಾಗದಷ್ಟು ಕಾಯ್ದುಕೊಳ್ಳಲು, ಚಳಿಗಾಲದಲ್ಲಿ ವಾರಕ್ಕೊಮ್ಮೆ ಮಾಡುತ್ತಿದ್ದ ಪರೀಕ್ಷೆಯನ್ನು ಬಿಸಿಲಿನ ತಿಂಗಳುಗಳಲ್ಲಿ ವಾರಕ್ಕೆ ಎರಡು ಬಾರಿ ಮಾಡುವುದು ವಾಸಿ. ಹಗಲಿನಲ್ಲಿ ಪಾಚಿಗಳು ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಪಿಎಚ್ 8.3ರ ಸುಮಾರಿಗೆ ಏರಿ ರಾತ್ರಿ 8ರ ಹತ್ತಿರಕ್ಕೆ ಇಳಿಯುವುದು ಸಹಜ, ಅದನ್ನು ಸರಿಪಡಿಸಲು ಹೊರಡಬಾರದು.

ಬಿಸಿಲಿನ ನಡೆಯನ್ನು ತಿಳಿಯಲು ಯಾವ ಉಪಕರಣವೂ ಬೇಡ, ಒಂದು ಸೀಮೆಸುಣ್ಣ ಸಾಕು. ನಾನು ಎರಡು ವಾರಕ್ಕೊಮ್ಮೆ ಸಂಜೆ ಐದಕ್ಕೆ ನೆಲದ ಮೇಲೆ ಬಿಸಿಲಿನ ಅಂಚಿಗೆ ಗೆರೆ ಎಳೆದು ತಾರೀಖು ಬರೆದಿಡುತ್ತೇನೆ. ಕೆಲಸದವರಿಗೆ ಅಷ್ಟು ಜಾಗ ಬಿಟ್ಟು ಒರೆಸಲು ಹೇಳುವುದೇ ಇದರಲ್ಲಿನ ಕಷ್ಟದ ಭಾಗ. ಏಪ್ರಿಲ್ 24ರ ಗೆರೆ ಮತ್ತು ಆಗಸ್ಟ್ 18ರ ಗೆರೆ, ಗಡಿಯಾರದ ಐದಾರು ನಿಮಿಷಗಳ ವ್ಯತ್ಯಾಸ ಬಿಟ್ಟರೆ, ಒಂದರ ಮೇಲೊಂದು ಬೀಳುತ್ತವೆ. ಆದರೆ ಏಪ್ರಿಲಿನ ಆಕಾಶ ಶುಭ್ರ, ಆಗಸ್ಟಿನದು ಮೋಡ. ಎರಡು ತಿಂಗಳು ಮಂಕು ಬೆಳಕಿಗೆ ಒಗ್ಗಿಹೋದ ಹವಳಕ್ಕೆ ಮೋಡ ಹರಿದ ಮೊದಲ ಸಂಜೆಯ ಬಿಸಿಲು ಮತ್ತೆ ಅಪರಿಚಿತವೇ ಆಗಿರುತ್ತದೆ. ಆ ವಾರ ಪರದೆಯನ್ನು ಪುನಃ ಹತ್ತು ನಿಮಿಷದಿಂದಲೇ ತೆರೆಯತೊಡಗಬೇಕು.